ಶಾಲೆಯ ಆಟದ ಬಯಲು ಮತ್ತು ಸ್ಥಳೀಯ ನಿಧಿ: ವೈಜಾಪುರದ ಗಡಿಯಿಂದ ಒಂದು ನೋಟ

ಮನಮಾಡದಿಂದ ಹೈದರಾಬಾದಿನ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ರೋಟೆಗಾಂವ ಎಂಬ ನಿಲ್ದಾಣವಿದೆ. ವೈಜಾಪುರಕ್ಕೆ ಹೋಗತಕ್ಕವರು ಇಳಿಯುವುದು ಅಲ್ಲಿಯೇ. ಹೆಸರಿನ ಸಾಮ್ಯದಿಂದ ಇದನ್ನು ನಮ್ಮ ವಿಜಾಪುರವೆಂದು ಭ್ರಮಿಸಬಾರದು. ಇದು ಇಂದಿನ ಛತ್ರಪತಿ ಸಂಭಾಜಿನಗರ, ಹಿಂದಿನ ಔರಂಗಾಬಾದ್ ಜಿಲ್ಲೆಯ ತಾಲೂಕು ಸ್ಥಳ. ಇದರ ಪಶ್ಚಿಮಕ್ಕೆ ನಾಸಿಕ ಜಿಲ್ಲೆಯ ಯೇವಲೆ ತಾಲೂಕಿದೆ. ಇವೆರಡರ ನಡುವೆ ಈಗ ಇರುವುದು ಬರಿಯ ಜಿಲ್ಲಾ ಗಡಿ. 1956ರ ವರೆಗೆ ಅದು ಎರಡು ರಾಜ್ಯಗಳ ಗಡಿಯಾಗಿತ್ತು. 1948ರ ಸೆಪ್ಟೆಂಬರಿಗೆ ಮೊದಲು ಎರಡು ಪ್ರಭುತ್ವಗಳ ಗಡಿಯಾಗಿತ್ತು. ಅತ್ತ ಮುಂಬಯಿ ಆಧಿಪತ್ಯ, ಇತ್ತ ನಿಜಾಮರ ಸಂಸ್ಥಾನ. ಈ ಗೆರೆ ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಅದೇ ಗೆರೆ ದಕ್ಷಿಣಕ್ಕೆ ಇಳಿದು ವಿಜಾಪುರವನ್ನು ಕಲಬುರ್ಗಿಯಿಂದಲೂ ಗದಗನ್ನು ಕೊಪ್ಪಳದಿಂದಲೂ ಬೇರ್ಪಡಿಸಿತ್ತು.

ಒಂದು ಹಳ್ಳಿಯ ಶಾಲೆಗೆ ಆಟದ ಬಯಲು ಬೇಕೆಂದಾದರೆ ಅರ್ಜಿಯನ್ನು ಯಾರಿಗೆ ಬರೆಯಬೇಕು, ಹಣ ಯಾವ ಬೊಕ್ಕಸದಿಂದ ಹೊರಡಬೇಕು? ಪ್ರಶ್ನೆ ಚಿಕ್ಕದಾಗಿ ತೋರುತ್ತದೆ. ಆದರೆ ಈ ಗೆರೆಯ ಎರಡು ಬದಿಗಳಲ್ಲಿ ಅದಕ್ಕೆ ದೊರೆತ ಉತ್ತರಗಳು ಬೇರೆಬೇರೆ. ಆ ವ್ಯತ್ಯಾಸದಲ್ಲಿ ನಮ್ಮ ಸ್ಥಳೀಯ ಸ್ವರಾಜ್ಯದ ಕಥೆಯ ಒಂದು ಭಾಗವೇ ಅಡಗಿದೆ.

ಮುಂಬಯಿಯ ಬದಿಯಲ್ಲಿ ಆರಂಭವಾದುದು 1863ರ ಸುಮಾರಿನಲ್ಲಿ. ಸರ್ ಬಾರ್ಟಲ್ ಫ್ರಿಯರ್ ಗವರ್ನರನಾಗಿದ್ದಾಗ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ಸೆಸ್ಸನ್ನು ಎತ್ತಲಾಯಿತು. 1869ರ 3ನೆಯ ಕಾಯಿದೆ ಅದಕ್ಕೆ ಶಾಸನದ ಆಧಾರವನ್ನು ಒದಗಿಸಿತು. ಸಂಗ್ರಹವಾದುದರಲ್ಲಿ ಎರಡು ಪಾಲು ರಸ್ತೆ ಮುಂತಾದ ಕಾಮಗಾರಿಗಳಿಗೆ, ಒಂದು ಪಾಲು ಶಾಲೆಗಳಿಗೆ. ಅಂದರೆ ರೂಪಾಯಿಗೆ ನಾಲ್ಕು ಪೈ. ವರ್ಷಕ್ಕೆ ಹತ್ತು ರೂಪಾಯಿ ಸಾರಾ ಕಟ್ಟುವ ರೈತನಿಂದ ಶಾಲೆಗೆ ಸಲ್ಲುತ್ತಿದ್ದುದು ಮೂರಾಣೆ ನಾಲ್ಕು ಪೈ. ನಾಸಿಕದಲ್ಲಿಯೂ ಧಾರವಾಡದಲ್ಲಿಯೂ ಲೆಕ್ಕ ಇದೇ. ಮಾಸ್ತರರ ಸಂಬಳ, ಕಟ್ಟಡ, ದುರಸ್ತಿ ಇವೆಲ್ಲ ಈ ನಾಲ್ಕು ಪೈಯ ಮೇಲೆಯೇ ಬೀಳುವಾಗ ಆಟದ ಬಯಲಿನ ಹೆಸರೆತ್ತುವವರು ಯಾರು?

ಎತ್ತುವ ಅಗತ್ಯವೂ ಆಗ ಅಷ್ಟಾಗಿ ಇರಲಿಲ್ಲವೆನ್ನಬೇಕು. ಊರ ಹೊರಗಿನ ಗಾಯರಾಣ, ಸುಗ್ಗಿ ಮುಗಿದ ಹೊಲ, ಬತ್ತಿದ ಕೆರೆಯಂಗಳ, ಹನುಮಂತದೇವರ ಗುಡಿಯ ಮುಂದಿನ ಬಯಲು, ಗರಡಿಮನೆ ಇವೇ ಹುಡುಗರ ಕ್ರೀಡಾಂಗಣಗಳಾಗಿದ್ದುವು. ಹುಡುಗಿಯರ ಪಾಲಿಗೆ ಮನೆಯಂಗಳವೇ ಗತಿ; ಈ ಮಾತನ್ನು ಇತಿಹಾಸಕಾರರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಇನ್ನು ಖಾಸಗಿ ಶಾಲೆಗಳಿಗೆ ಸರ್ಕಾರ ಕೊಡುತ್ತಿದ್ದ ಅನುದಾನವಾದರೋ ಪರೀಕ್ಷೆಯ ಫಲಿತಾಂಶವನ್ನು ಅಳೆದು ಕೊಡುವ ಪದ್ಧತಿಯದು. ಓದು, ಬರಹ, ಲೆಕ್ಕಗಳಲ್ಲಿ ತೇರ್ಗಡೆಯಾದ ತಲೆಗೆ ಇಷ್ಟು ಎಂದು ಎಣಿಸುವ ಆ ಪದ್ಧತಿಯಲ್ಲಿ ಓಡಿದ ಕಾಲಿಗೆ ಬೆಲೆಯಿರಲಿಲ್ಲ. 1882ರ ಹಂಟರ್ ಆಯೋಗವು ದೇಶೀಯ ಆಟಗಳನ್ನೂ ಅಂಗಸಾಧನೆಯನ್ನೂ ಕವಾಯತನ್ನೂ ಶಾಲೆಗಳಲ್ಲಿ ಪ್ರೋತ್ಸಾಹಿಸಬೇಕೆಂದು ಶಿಫಾರಸು ಮಾಡಿತೆಂಬುದು ನಿಜ. ಆದರೆ ನಾಲ್ಕು ಪೈ ಐದಾಗಲಿಲ್ಲ.

ನಿಜಾಮರ ಬದಿಯಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದಾಣೆಯ ಸ್ಥಳೀಯ ಸೆಸ್ಸು ಬಂದಿತು. ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳೂ ಬಂದುವು. ಆದರೆ ಜಿಲ್ಲಾ ಬೋರ್ಡಿನ ಅಧ್ಯಕ್ಷನು ಮೊದಲನೆಯ ತಾಲೂಕದಾರ, ಅಂದರೆ ಜಿಲ್ಲಾಧಿಕಾರಿ. ತಾಲೂಕು ಬೋರ್ಡಿಗೆ ತಹಶೀಲದಾರ. ಕಂದಾಯ ವಸೂಲು ಮಾಡುವ ಕೈಯೇ ಅರ್ಜಿಯನ್ನು ಸ್ವೀಕರಿಸುವ ಕೈ, ಉತ್ತರ ಕೊಡುವ ಕೈಯೂ ಅದೇ. ಕಚೇರಿಯ ಭಾಷೆ ಉರ್ದು. ವೈಜಾಪುರದ ಮರಾಠಿ ರೈತನಿಗೂ ಕಲಬುರ್ಗಿಯ ಕನ್ನಡ ರೈತನಿಗೂ ಅರ್ಜಿಯ ಒಕ್ಕಣೆಯೇ ಪರಾಧೀನವಾಗಿತ್ತು. ಕಲಬುರ್ಗಿಯ ನೂತನ ವಿದ್ಯಾಲಯ, ಪಂಡಿತ ತಾರಾನಾಥರ ರಾಯಚೂರಿನ ಹಮ್‌ದರ್ದ್ ಶಾಲೆ ಇಂತಹವು ಜನರ ಔದಾರ್ಯದಿಂದಲೇ ತಲೆಯೆತ್ತಿದವು.

ಆಟದ ಬಯಲು ಒಂದು ಸಾರ್ವಜನಿಕ ಬೇಡಿಕೆಯಾಗಿ ರೂಪುಗೊಂಡುದು ಇಪ್ಪತ್ತನೆಯ ಶತಮಾನದಲ್ಲಿ. ಅಮರಾವತಿಯ ಹನುಮಾನ ವ್ಯಾಯಾಮ ಪ್ರಸಾರಕ ಮಂಡಳ 1914ರಲ್ಲಿ, ಮದರಾಸಿನ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು 1920ರಲ್ಲಿ ಹುಟ್ಟಿದವು. 1923ರಲ್ಲಿ ಡಾ. ನಾ.ಸು. ಹರ್ಡೀಕರರು ಕಟ್ಟಿದ ಹಿಂದುಸ್ತಾನಿ ಸೇವಾದಳವು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಕವಾಯತನ್ನು ರಾಷ್ಟ್ರಸೇವೆಯ ಅಂಗವನ್ನಾಗಿ ಮಾಡಿತು. ಮುಂದೆ ಸರ್ಕಾರದ ನಿಷೇಧಕ್ಕೂ ಗುರಿಯಾಯಿತು. ಬಯಲಿನಲ್ಲಿ ಸಾಲುಗಟ್ಟಿ ನಿಂತ ಹುಡುಗರನ್ನು ಕಂಡರೆ ಪ್ರಭುತ್ವಕ್ಕೆ ಅಳುಕಾಗುತ್ತಿದ್ದ ಕಾಲವದು.

ಈಗ ಮುಖ್ಯ ವಿಷಯಕ್ಕೆ ಬರಬಹುದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ಅಲ್ಲಿಯ ವರೆಗೆ ಒಂದೇ ಶಿಕ್ಷಣ ಇಲಾಖೆಯ ಅಧೀನದಲ್ಲಿದ್ದ ವೈಜಾಪುರ ಮತ್ತು ಕಲಬುರ್ಗಿಗಳ ಶಾಲೆಗಳು ಬೇರೆಬೇರೆ ಮನೆ ಸೇರಿದುವು. ಮುಂಬಯಿ ರಾಜ್ಯಕ್ಕೂ 1960ರ ಬಳಿಕ ಮಹಾರಾಷ್ಟ್ರಕ್ಕೂ ಸೇರಿದ ವೈಜಾಪುರದಲ್ಲಿ, ವಸಂತರಾವ ನಾಯಕ ಸಮಿತಿಯ ವರದಿಯನ್ನು ಅನುಸರಿಸಿ ರಚಿತವಾದ 1961ರ ಜಿಲ್ಲಾ ಪರಿಷತ್ ಕಾಯಿದೆ 1962ರ ಮೇ 1ರಿಂದ ಜಾರಿಗೆ ಬಂದು, ಪ್ರಾಥಮಿಕ ಶಾಲೆ ಜಿಲ್ಲಾ ಪರಿಷತ್ತಿನ ಸ್ವತ್ತಾಯಿತು. ಕಲಬುರ್ಗಿಯಲ್ಲಿ ಹಾಗಾಗಲಿಲ್ಲ. ಮೈಸೂರು ರಾಜ್ಯದ 1959ರ ಗ್ರಾಮಪಂಚಾಯತಿ ಹಾಗೂ ಲೋಕಲ್ ಬೋರ್ಡುಗಳ ಕಾಯಿದೆ ತಾಲೂಕು ಬೋರ್ಡುಗಳನ್ನು ಕೊಟ್ಟಿತಾದರೂ ಅಲ್ಲಿಯ ಪ್ರಾಥಮಿಕ ಶಾಲೆಗಳ ಆಡಳಿತ ರಾಜ್ಯದ ಇಲಾಖೆಯಲ್ಲಿಯೇ ಉಳಿಯಿತು. ‘ನೀರುಸಾಬ’ರೆಂದು ಜನ ಕರೆದ ಅಬ್ದುಲ್ ನಜೀರ್‌ಸಾಬರು ಮುಂದೆ ನಿಂತು ರೂಪಿಸಿದ 1983ರ ಕಾಯಿದೆ 1987ರಲ್ಲಿ ಆಚರಣೆಗೆ ಬಂದಾಗಲೇ ಕರ್ನಾಟಕದ ಶಾಲೆಗಳು ಜಿಲ್ಲಾ ಪರಿಷತ್ತಿನ ಕೈಸೇರಿದುದು. ಒಂದೇ ಕಾಯಿದೆಯ ನೆರಳಿನಲ್ಲಿ ಬೆಳೆದ ಎರಡು ಊರುಗಳ ನಡುವೆ ಹೀಗೆ ಇಪ್ಪತ್ತೈದು ವರ್ಷಗಳ ಅಂತರವುಂಟಾಯಿತು.

ಈ ಅಂತರದಿಂದ ವೈಜಾಪುರಕ್ಕೆ ಲಾಭವಾಯಿತೆ? ಅರ್ಜಿಯ ದಾರಿ ಹತ್ತಿರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಗ್ರಾಮಸಭೆಯ ಠರಾವು, ಪಂಚಾಯತ ಸಮಿತಿಯ ಶಿಫಾರಸು, ಜಿಲ್ಲಾ ಪರಿಷತ್ತಿನ ಶಿಕ್ಷಣ ಸಮಿತಿಯ ಮಂಜೂರಾತಿ ಎಂಬ ಮೂರು ಮೆಟ್ಟಿಲುಗಳಲ್ಲಿಯೂ ಊರವರೇ ಆರಿಸಿದ ಜನ ಕುಳಿತಿದ್ದರು. ಆದರೆ ಹಣದ ಪ್ರಶ್ನೆ ಹಾಗೆಯೇ ಉಳಿಯಿತು. 1961ರ ಕಾಯಿದೆ ಜಿಲ್ಲಾ ಪರಿಷತ್ತಿಗೆ ಕೊಟ್ಟ ಸ್ವಂತ ಸೆಸ್ಸು ಭೂಕಂದಾಯದ ರೂಪಾಯಿಗೆ 20 ಪೈಸೆ. ಹಳೆಯ ಒಂದಾಣೆ ಎಂದರೆ ಆರು ಪೈಸೆ ಚಿಲ್ಲರೆ. ಆ ದೃಷ್ಟಿಯಿಂದ ಇದು ಮೂರು ಪಟ್ಟಿಗಿಂತ ಹೆಚ್ಚು. ಆದರೆ ಯಾವುದರ ಮೇಲೆ ಈ ದರ? ಬೆಲೆಗಳೆಲ್ಲ ಏರುತ್ತಿದ್ದಾಗ ಭೂಕಂದಾಯ ಇದ್ದಲ್ಲಿಯೇ ನಿಂತಿತು. ನಿಂತ ನೀರಿನಿಂದ ಎಷ್ಟು ಕಾಲುವೆ ತೆಗೆದರೂ ಹೊಲ ನೆನೆಯದು. ಉಳಿದುದೆಲ್ಲ ಸರ್ಕಾರದ ಅನುದಾನ. ಅದರ ಬಹುಪಾಲು ಸಂಬಳಕ್ಕೆಂದು ಗುರುತುಮಾಡಿ ಬರುವಂಥದು.

ಹಣಕ್ಕಿಂತ ಮೊದಲೇ ಎದುರಾಗುವ ತೊಡಕು ನೆಲದ್ದು. ಶಾಲೆಯ ಹುಡುಗರು ತಲೆಮಾರುಗಳಿಂದ ಆಡಿಕೊಂಡು ಬಂದ ಬಯಲು ಸಾತ್‌ಬಾರಾ ಉತಾರೆಯಲ್ಲಿ ಗಾಯರಾಣವೆಂದಿರುತ್ತದೆ, ಶಾಲೆಯ ಹೆಸರಿನಲ್ಲಿ ಇರುವುದಿಲ್ಲ. ದಾಖಲೆಯಿಲ್ಲದ ನೆಲಕ್ಕೆ ಮಂಜೂರಾತಿ ಇಲ್ಲ. ಮಂಜೂರಾತಿ ಬರುವಷ್ಟರಲ್ಲಿ ಆ ನೆಲ ಒತ್ತುವರಿಯಾಗಿರಲೂಬಹುದು. ಹರಿಯಾಣದ ಯಮುನಾನಗರ ಜಿಲ್ಲೆಯ ಭಗವಾನಪುರದಲ್ಲಿ ಶಾಲೆಯ ಆಟದ ನೆಲ ಒತ್ತುವರಿಯಾದ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಯಿತು. ಒತ್ತುವರಿಯನ್ನು ಸಕ್ರಮಗೊಳಿಸಲು ಉಚ್ಚ ನ್ಯಾಯಾಲಯ ಕೊಟ್ಟಿದ್ದ ಆದೇಶವನ್ನು 2023ರಲ್ಲಿ ರದ್ದುಪಡಿಸಿ, ಆಟದ ಬಯಲಿಲ್ಲದೆ ಶಾಲೆ ಇರಲಾಗದೆಂದು ಆ ನ್ಯಾಯಾಲಯ ಹೇಳಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯೂ ಶಾಲೆಗೆ ಆಟದ ಬಯಲು ಇರಲೇಬೇಕೆಂದು ವಿಧಿಸುತ್ತದೆ. ಅದು ಎಷ್ಟು ದೊಡ್ಡದಿರಬೇಕೆಂಬುದನ್ನು ಮಾತ್ರ ಆ ಅನುಸೂಚಿ ಹೇಳುವುದಿಲ್ಲ.

2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ ಕಾಮಗಾರಿಗಳ ಪಟ್ಟಿಗೆ ಆಟದ ಬಯಲು ಸೇರಿದುದು ಈ ಕಥೆಯಲ್ಲಿ ಒಂದು ತಿರುವು. ಅದರಲ್ಲಿ ಕೂಲಿಗೆ 60, ಸಾಮಗ್ರಿಗೆ 40 ಎಂಬ ಪ್ರಮಾಣವಿತ್ತು. ನೆಲ ಮಟ್ಟಮಾಡುವುದು ಬಹುತೇಕ ಕೂಲಿಯ ಕೆಲಸವಾದುದರಿಂದ ಆ ಪ್ರಮಾಣಕ್ಕೆ ಅದು ಚೆನ್ನಾಗಿ ಒಗ್ಗಿತು. ಸುತ್ತುಗೋಡೆ ಎಂದೊಡನೆ ಕಲ್ಲು, ಸಿಮೆಂಟುಗಳ ಲೆಕ್ಕ ಬಂದು ಪ್ರಮಾಣ ತಪ್ಪುತ್ತಿತ್ತು.

ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಸಾಂಗಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕುಗಳ ಕನ್ನಡ ಶಾಲೆಗಳು ಜಿಲ್ಲಾ ಪರಿಷತ್ತಿನವೇ. ಅಲ್ಲಿಯ ಊರವರು ಬಯಲಿಗಾಗಿ ಬರೆಯಬೇಕಾದ ಅರ್ಜಿಯೂ ಇದೇ ಮೆಟ್ಟಿಲುಗಳನ್ನು ಏರಬೇಕು. ಮಕ್ಕಳ ಪಾಠ ಕನ್ನಡದಲ್ಲಿ, ಕಚೇರಿಯ ವ್ಯವಹಾರ ಮರಾಠಿಯಲ್ಲಿ. ಮಕ್ಕಳ ಸಂಖ್ಯೆ ಕುಗ್ಗಿದ ಶಾಲೆಗೆ ಬಯಲೇಕೆಂದು ಯಾರಾದರೂ ಕೇಳಿದರೆ, ಬಯಲಿಲ್ಲದ ಶಾಲೆಗೆ ಮಕ್ಕಳೇಕೆ ಬಂದಾರೆಂದು ತಿರುಗಿ ಕೇಳಬಲ್ಲವರು ಆ ಸಮಿತಿಗಳಲ್ಲಿ ಬೇಕಾಗುತ್ತದೆ.

ಆದರೆ ಔರಂಗಾಬಾದ್ ಜಿಲ್ಲಾ ಪರಿಷತ್ತಿನ ಸದಸ್ಯರ ಅವಧಿ 2022ರ ಮಾರ್ಚಿಯಲ್ಲಿ ಮುಗಿದು, ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಕರ್ನಾಟಕದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿಯೇ ಮುಗಿದಿತ್ತು. ಅಲ್ಲಿಯೂ ಹಾಗೆಯೇ ಆಯಿತು. ಆ ವರ್ಷಗಳಲ್ಲಿ ವೈಜಾಪುರದ ಅರ್ಜಿಯೂ ಕಲಬುರ್ಗಿಯ ಅರ್ಜಿಯೂ ಹೋಗಿ ಸೇರುತ್ತಿದ್ದುದು ಮೊದಲನೆಯ ತಾಲೂಕದಾರನ ಕಾಲದಂತೆ ಆಡಳಿತಾಧಿಕಾರಿಯೊಬ್ಬನ ಮೇಜನ್ನು.