ಮಿಕ್ಕ ಮಾತ್ರೆ ಎಲ್ಲಿ ಹೋಗುತ್ತದೆ?

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನೀರು ಗೊತ್ತಾದ ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತಬೇಕಿಲ್ಲ. ಸೈಫನ್‌ಗಳು ತಾವಾಗಿಯೇ ಹೆಚ್ಚಿನ ನೀರನ್ನು ಹೊರಗೆ ಹರಿಸುತ್ತವೆ. ದೇವರಾಯನದುರ್ಗದ ಕಡೆ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ದಾಟಿ ಇಲ್ಲಿಗೆ ಬಂದು, ಮುಂದೆ ಮದ್ದೂರಿನತ್ತ ಇಳಿದು ಕಾವೇರಿಯನ್ನು ಸೇರುತ್ತದೆ. ಮೇಲಿನ ಊರುಗಳ ಚರಂಡಿ, ತಿಪ್ಪೆಗಳನ್ನು ತೊಳೆದ ಮಳೆನೀರೂ ಇದರೊಳಗೇ ಬರಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಈ ಅಣೆಕಟ್ಟೆಯ ಯೋಜನೆ ರೂಪುಗೊಂಡಾಗ ಆ ತಿಪ್ಪೆಗಳಲ್ಲಿ ಇಲ್ಲದಿದ್ದ ಒಂದು ವಸ್ತು ಇಂದು ಇದೆ. ಅದೇ ಬಳಸದೆ ಮಿಕ್ಕ ಔಷಧಿ.

ಆಗ ಔಷಧಿ ಮಿಕ್ಕುತ್ತಿದ್ದುದೇ ಅಪರೂಪ. ಸರ್ಕಾರಿ ಆಸ್ಪತ್ರೆಗೆ ಹೋಗುವವರು ಮನೆಯಿಂದಲೇ ಖಾಲಿ ಸೀಸೆ ಒಯ್ಯುತ್ತಿದ್ದರು. ಕಾಂಪೌಂಡರ್ ದೊಡ್ಡ ಜಾಡಿಯಿಂದ ಮಿಕ್ಸ್ಚರ್ ಸುರಿದು, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಗೆ ಅಂಟಿಸಿ ಕೊಡುತ್ತಿದ್ದರು. ಒಂದೊಂದು ಹಲ್ಲಿಗೆ ಒಂದೊಂದು ಹೊತ್ತಿನ ಔಷಧಿ. ಪುಡಿಯಾದರೆ ಅದನ್ನೂ ಹೊತ್ತಿಗೊಂದರಂತೆ ಪೊಟ್ಟಣ ಕಟ್ಟುತ್ತಿದ್ದರು. ಎರಡು ಮೂರು ದಿನಕ್ಕೆ ಸೀಸೆ ಖಾಲಿಯಾಗಿ, ತೊಳೆದಿಟ್ಟರೆ ಮುಂದಿನ ಜ್ವರಕ್ಕೆ ಆಗುತ್ತಿತ್ತು. ಆ ಮಿಕ್ಸ್ಚರ್‌ನಿಂದ ಎಷ್ಟು ಗುಣವಾಗುತ್ತಿತ್ತೋ, ಅದು ಬೇರೆ ಮಾತು!

ಕಾರ್ಖಾನೆಯ ಮಾತ್ರೆ, ಹತ್ತರ ಸ್ಟ್ರಿಪ್ ಬಂದ ಮೇಲೆ ಈ ಲೆಕ್ಕ ತಪ್ಪಿತು. ಐದು ಮಾತ್ರೆಗೆ ಜ್ವರ ಇಳಿದರೆ ಉಳಿದ ಐದು ಗೂಡಿನಲ್ಲೋ ಟ್ರಂಕಿನಲ್ಲೋ ಅವಧಿ ಮೀರುವವರೆಗೆ ಕೂರುತ್ತವೆ. ಅಂಗಡಿಯವನ ಮಟ್ಟಿಗೆ ಕಾನೂನು ಮೊದಲೇ ಎಚ್ಚರ ವಹಿಸಿತ್ತು. 1940ರ ಔಷಧ ಕಾಯ್ದೆಯಡಿ ರಚಿತವಾದ 1945ರ ನಿಯಮಗಳ ಪ್ರಕಾರ, ಅವಧಿ ಮೀರಿದ ಸರಕನ್ನು ಮಾರುವಂತಿಲ್ಲ. ತಯಾರಕರಿಗೆ ಹಿಂದಿರುಗಿಸುವವರೆಗೆ ಅದನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಮೇಲೆ ‘ಮಾರಾಟಕ್ಕಲ್ಲ’ ಎಂದು ಎದ್ದು ಕಾಣುವಂತೆ ಬರೆಯಬೇಕು. ಆಸ್ಪತ್ರೆಗಳನ್ನು 1998ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಕಟ್ಟಿಹಾಕಿದವು. 2016ರಲ್ಲಿ ಎಸೆಯುವ ಔಷಧಿಗೆ ಹಳದಿ ಚೀಲ ಗೊತ್ತಾಯಿತು. ಮನೆಯ ಸರದಿ ಬಂದದ್ದು ಕೊನೆಗೆ. ಅದೇ 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲಿ ಅವಧಿ ಮೀರಿದ ಔಷಧಿಯನ್ನು ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿ, ಅದನ್ನು ಒಪ್ಪಿಸಲು 20 ಚದರ ಕಿ.ಮೀ.ಗೆ ಒಂದು ಕೇಂದ್ರವಿರಬೇಕು ಎಂದವು. ಅಂಥ ಕೇಂದ್ರವನ್ನು ನಮ್ಮಲ್ಲಿ ಎಷ್ಟು ಮಂದಿ ಓದುಗರು ಕಂಡಿದ್ದಾರು?

ನಾಲ್ಕು ಮಾತ್ರೆಗೆ ಇಷ್ಟು ಗದ್ದಲವೇ ಎನ್ನಬಹುದು. ಕುಣಿಗಲ್‌ನ ನೆರೆಯ ರಾಮನಗರದ ರಾಮದೇವರ ಬೆಟ್ಟವನ್ನು ನೋಡೋಣ. ದನಗಳಿಗೆ ಕೊಡುತ್ತಿದ್ದ ನೋವಿನ ಔಷಧಿ ಡೈಕ್ಲೋಫೆನಾಕ್, ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನೇ ಕೆಡಿಸುತ್ತದೆಂದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2006ರಲ್ಲಿ ಭಾರತ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ದೇಶದ ರಣಹದ್ದುಗಳಲ್ಲಿ ಬಹುಪಾಲು ಅಳಿದಿದ್ದವು. ರಾಮದೇವರ ಬೆಟ್ಟ ರಣಹದ್ದು ಧಾಮವಾದದ್ದು 2012ರಲ್ಲಿ. ಅದು ಎಸೆದ ಔಷಧಿಯಲ್ಲ, ಕೊಟ್ಟ ಔಷಧಿ, ನಿಜ. ಆದರೆ ರೋಗಿಯ ಕೆಲಸ ಮುಗಿದ ಮಾತ್ರಕ್ಕೆ ಔಷಧಿಯ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ತಿಪ್ಪೆಗೆ ಬಿದ್ದ ಆಂಟಿಬಯಾಟಿಕ್ ಗೊಬ್ಬರದ ಜೊತೆ ಹೊಲಕ್ಕೆ ಹೋದರೆ, ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ತಾಳಿಕೊಳ್ಳುವುದನ್ನು ಕಲಿಯಬಲ್ಲವು.

ಹಿತ್ತಿಲಲ್ಲಿ ಸುಡುವುದೂ ದಾರಿಯಲ್ಲ. ಕಡಿಮೆ ಉರಿಯಲ್ಲಿ ವಿಷಹೊಗೆ ಏಳುತ್ತದೆ. ಬಾಸ್ನಿಯಾದ ಯುದ್ಧಕಾಲದಲ್ಲಿ ದಾನವಾಗಿ ಬಂದ ಔಷಧಿಯಲ್ಲಿ ಸುಮಾರು 17,000 ಟನ್ ಉಪಯೋಗಕ್ಕೆ ಬಾರದೆ ರಾಶಿ ಬಿತ್ತು. ಇಂಥ ಅನುಭವಗಳ ಹಿನ್ನೆಲೆಯಲ್ಲಿ 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ಹೊರಡಿಸಿ, ಡ್ರಮ್ಮಿನ ಮುಕ್ಕಾಲು ಭಾಗ ಔಷಧಿ ತುಂಬಿ, ಮೇಲೆ ಸಿಮೆಂಟು ಸುಣ್ಣ ಕಲಸಿ ಸುರಿದು ಹೂಳುವ ಕ್ರಮವನ್ನೂ ಹೇಳಿತು. ಹಳ್ಳಿಯ ಮನೆಯೊಂದು ಮಾಡುವ ಕೆಲಸವೇ ಅದು?

2025ರ ಮೇ ತಿಂಗಳಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 17 ಔಷಧಿಗಳ ಪಟ್ಟಿ ಕೊಟ್ಟಿತು. ಫೆಂಟನಿಲ್, ಟ್ರಮಡಾಲ್‌ನಂಥ ಇವು ಬೇರೆಯವರ ಕೈಗೆ ಸಿಕ್ಕರೆ ಪ್ರಾಣಕ್ಕೇ ಅಪಾಯವಾದ್ದರಿಂದ ಇವನ್ನು ಮಾತ್ರ ಶೌಚಾಲಯದಲ್ಲಿ ಹರಿಯಬಿಡಬಹುದು. ಉಳಿದದ್ದನ್ನು ಜನರಿಂದ ಹಿಂದಕ್ಕೆ ಪಡೆಯುವ ಏರ್ಪಾಟನ್ನು ರಾಜ್ಯಗಳ ಔಷಧ ನಿಯಂತ್ರಣ ಇಲಾಖೆಗಳೂ ಔಷಧ ವ್ಯಾಪಾರಿಗಳ ಸಂಘಗಳೂ ಸೇರಿ ಮಾಡಲಿ ಎಂದಿತು. ಪಕ್ಕದ ಕೇರಳ ಅದೇ ವರ್ಷ ಕೋಳಿಕ್ಕೋಡ್‌ನಲ್ಲಿ ಮನೆಗಳಿಂದಲೇ ಔಷಧಿ ಸಂಗ್ರಹಿಸುವ ಕೆಲಸಕ್ಕೆ ಕೈಹಾಕಿತು.