ಕೇಳಿದವರ ನೆನಪಿನ ಧ್ವನಿಮುದ್ರಿಕೆ

ಲಂಡನ್ನಿನ ಪಂಕ್ ತಂಡ 'ದಿ ಕ್ಲಾಶ್' 1976ರಲ್ಲಿ ಹುಟ್ಟಿ ಹತ್ತೇ ವರ್ಷಗಳಲ್ಲಿ ಮುರಿದುಬಿತ್ತು. ಅದು ವೇದಿಕೆಯಲ್ಲಿ ಹಾಡಿದ 17 ಹಾಡುಗಳ ಸಂಕಲನ 'ಫ್ರಮ್ ಹಿಯರ್ ಟು ಎಟರ್ನಿಟಿ' ಹೊರಬಂದದ್ದು 1999ರಲ್ಲಿ. ಜೊತೆಗಿನ ಪುಸ್ತಿಕೆಯಲ್ಲಿ ಅಂದು ಗುಂಪಿನಲ್ಲಿ ನಿಂತು ಕೇಳಿದ ಅಭಿಮಾನಿಗಳ ನೆನಪುಗಳಿವೆ. ನಮ್ಮ ಮಟ್ಟಿಗೆ ಈ ಮುದ್ರಿಕೆಯ ಬೆಲೆ ಅಲ್ಲೇ ಇದೆ. ಕಲಾವಿದರ ಚರಿತ್ರೆಯನ್ನು ಕಂಪನಿಗಳು ಹೇಗೂ ಬರೆಸುತ್ತವೆ. ಟಿಕೆಟ್ ಕೊಂಡು ನಿಂತವನನ್ನು ವಿಚಾರಿಸುವವರು ಕಡಿಮೆ.

ಇದರಲ್ಲಿರುವ 'ಲಂಡನ್ಸ್ ಬರ್ನಿಂಗ್' ಹಾಡು 1978ರ ಏಪ್ರಿಲ್ 30ರದು. ಅಂದು ಜನಾಂಗದ್ವೇಷದ ವಿರುದ್ಧ ಟ್ರಫಾಲ್ಗರ್ ಚೌಕದಿಂದ ಮೆರವಣಿಗೆಯಲ್ಲಿ ಬಂದ ಸಾವಿರಾರು ಜನ ಈಸ್ಟ್ ಎಂಡ್‌ನ ವಿಕ್ಟೋರಿಯಾ ಪಾರ್ಕಿನಲ್ಲಿ ಸೇರಿದ್ದರು. ಪ್ರವೇಶಕ್ಕೆ ಕಾಸಿರಲಿಲ್ಲ. ವಲಸಿಗರನ್ನು ಹೊರದಬ್ಬಬೇಕೆನ್ನುತ್ತಿದ್ದ ನ್ಯಾಷನಲ್ ಫ್ರಂಟ್ ಪಕ್ಷ ಬೀದಿಗಿಳಿದಿದ್ದ ಕಾಲವದು.

ನಾಲ್ಕೇ ದಿನಗಳ ಬಳಿಕ, ಮೇ 4ರ ಸಂಜೆ, ಅದೇ ಈಸ್ಟ್ ಎಂಡ್‌ನಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಬಾಂಗ್ಲಾದೇಶ ಮೂಲದ ಬಟ್ಟೆ ಕಾರ್ಮಿಕ ಅಲ್ತಾಬ್ ಅಲಿಯವರನ್ನು ಇರಿದು ಕೊಂದರು. ಹಾಡು ಅವರನ್ನು ಕಾಯಲಿಲ್ಲ. ಮುದ್ರಿಕೆಯಲ್ಲಿ ಆ ಗುಂಪಿನ ಕೂಗು ಕೇಳುವಾಗಲೆಲ್ಲ ನಮಗೆ ಈ ತಾರೀಖೂ ನೆನಪಾಗುತ್ತದೆ. ಮೇ 14ರಂದು ಅವರ ಶವಪೆಟ್ಟಿಗೆಯ ಹಿಂದೆ ಸಾವಿರಾರು ಜನ ಪ್ರಧಾನಿಯ ನಿವಾಸವಿರುವ ಡೌನಿಂಗ್ ಸ್ಟ್ರೀಟಿನವರೆಗೆ ನಡೆದರು.