ಹಸಿದ ಕಲ್ಲುಗಳು ಆಡಿದ ಭಾಷೆ

ಭಾರತೀಯ ಸಾಹಿತ್ಯದ ಅತ್ಯಂತ ಪ್ರಸಿದ್ಧವಾದ ಪ್ರೇತಕಥೆಗಳಲ್ಲೊಂದು ಹೈದರಾಬಾದು ಸಂಸ್ಥಾನದಲ್ಲಿ ನಡೆಯುತ್ತದೆ ಎಂಬುದು ಈ ನಗರದಲ್ಲಿ ಬಾಳುವವರಿಗೂ ಸಾಮಾನ್ಯವಾಗಿ ನೆನಪಿರುವುದಿಲ್ಲ. ರವೀಂದ್ರನಾಥ ಠಾಕೂರರು 1895ರಲ್ಲಿ ಪ್ರಕಟಿಸಿದ ‘ಕ್ಷುಧಿತ ಪಾಷಾಣ’ದ ನಾಯಕನು ಜುನಾಗಢದ ಕೆಲಸವನ್ನು ಬಿಟ್ಟು ನಿಜಾಮ್ ಸರಕಾರದ ಸೇವೆಗೆ ಸೇರಿದವನು, ಬರೀಚ್ ಎಂಬ ಊರಿನಲ್ಲಿ ಹತ್ತಿಯ ಸುಂಕವನ್ನು ವಸೂಲು ಮಾಡಲು ನೇಮಕಗೊಂಡವನು, ತಿಂಗಳಿಗೆ 450 ರೂಪಾಯಿ ವೇತನದ ಅಧಿಕಾರಿ. ಶುಸ್ತಾ ನದಿಯ ದಡದಲ್ಲಿ, 150 ಮೆಟ್ಟಿಲುಗಳ ಮೇಲೆ, ಒಬ್ಬ ಷಾ ಮಹಮೂದನು ಭೋಗಕ್ಕಾಗಿ ಕಟ್ಟಿಸಿದ ಪಾಳು ಅರಮನೆಯೇ ಅವನ ಬಿಡಾರ. ಹಗಲಲ್ಲಿ ಅವನು ಲೆಕ್ಕದ ಪುಸ್ತಕಗಳ ಮನುಷ್ಯ. ಇರುಳಾದೊಡನೆ, ಎಂದೋ ಅಳಿದುಹೋದ ಅಂತಃಪುರದ ಹೆಜ್ಜೆಯ ಸಪ್ಪಳವೂ ಒಬ್ಬ ಪಾರಸೀಕ ತರುಣಿಯ ಮೊರೆಯೂ ಅವನನ್ನು ಮುತ್ತಿಕೊಳ್ಳುತ್ತವೆ.

ಆ ಅರಮನೆಯ ಮೂಲ ಈ ಸೀಮೆಯದಲ್ಲ. ರವೀಂದ್ರರು 1878ರಲ್ಲಿ, ತಮ್ಮ ಹದಿನೇಳನೆಯ ವಯಸ್ಸಿನಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ಅಹಮದಾಬಾದಿನ ಶಾಹಿಬಾಗ್ ಅರಮನೆಯಲ್ಲಿ ಕೆಲಕಾಲ ಇದ್ದರು. ಅಣ್ಣ ಕಚೇರಿಗೆ ಹೋದ ಮೇಲೆ ಸಾಬರಮತಿಯ ದಡದ ಆ ಬರಿಯ ಕೋಣೆಗಳಲ್ಲಿ ಒಬ್ಬರೇ ಅಲೆದಾಡಿದ ಹುಡುಗನ ಮನಸ್ಸಿನಲ್ಲಿ ಕಥೆಯ ಬೀಜ ಬಿದ್ದಿತೆಂದು ಅವರೇ ಮುಂದೆ ಬಾಲ್ಯಸ್ಮರಣೆಗಳಲ್ಲಿ ಹೇಳಿದ್ದಾರೆ. ಹೀಗಿರಲು ಗುಜರಾತಿನ ಕಲ್ಲನ್ನು ನಿಜಾಮರ ನಾಡಿಗೆ ಸಾಗಿಸಿದುದೇಕೆ?

ಉತ್ತರವನ್ನು ಆ ಕಾಲದ ಚರಿತ್ರೆಯಲ್ಲಿ ಹುಡುಕಬಹುದು. ನಿಜಾಮರ ರಾಜ್ಯವು ತನ್ನದೇ ಸುಂಕ, ತನ್ನದೇ ನಾಣ್ಯ, ತನ್ನದೇ ಕಚೇರಿಯ ಭಾಷೆ ಉಳ್ಳ ಸಂಸ್ಥಾನವಾಗಿತ್ತು. ತೆಲುಗು, ಮರಾಠಿ, ಕನ್ನಡಗಳು ಪ್ರಜೆಗಳ ಮಾತುಗಳಾಗಿದ್ದರೂ ಆಡಳಿತವು 1884ರವರೆಗೆ ಪಾರಸಿಯಲ್ಲಿ ನಡೆಯುತ್ತಿತ್ತು. ಅಲ್ಲಿಂದಾಚೆಗೆ ಉರ್ದುವಿಗೆ ಆ ಸ್ಥಾನ ದೊರೆಯಿತು. ಕಥೆ ಪ್ರಕಟವಾದುದು ಅದಾದ ಹನ್ನೊಂದು ವರ್ಷಗಳಿಗೆ. ಎಂದರೆ, ಅರಮನೆಯಲ್ಲಿ ಅಲೆಯುವ ಪಾರಸೀಕ ತರುಣಿಯು ಆಗತಾನೆ ಕಚೇರಿಗಳಿಂದ ನಿರ್ಗಮಿಸಿದ್ದ ಒಂದು ಭಾಷೆಯ ನಾಡಿನವಳು. ರವೀಂದ್ರರು ಇದನ್ನು ಲೆಕ್ಕಹಾಕಿ ಬರೆದರೆಂದು ಹೇಳುವುದು ಅತಿಯಾದೀತು. ಆದರೆ ಪರನಾಡಿನ ಹೆಣ್ಣಿನ ಪ್ರೇತ, ಪರನಾಡಿನಿಂದ ಬಂದ ಅಧಿಕಾರಿ, ಇವರಿಬ್ಬರೂ ಸಂಧಿಸುವುದಕ್ಕೆ ಅಂದಿನ ಹೈದರಾಬಾದಿಗಿಂತ ತಕ್ಕ ನೆಲವು ಸುಲಭವಾಗಿ ಸಿಕ್ಕುತ್ತಿರಲಿಲ್ಲ.

ಕಥೆಯ ಇನ್ನೊಂದು ವೈಶಿಷ್ಟ್ಯವೆಂದರೆ ಅದು ಮುಗಿಯುವುದಿಲ್ಲ. ರೈಲು ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾದಿರುವ ಪ್ರಯಾಣಿಕರಿಗೆ ಅಪರಿಚಿತನೊಬ್ಬನು ಹೇಳುವ ಕಥೆ ಇದು. ವೃದ್ಧ ಗುಮಾಸ್ತ ಕರೀಂ ಖಾನನು ಆ ತರುಣಿಯ ಪೂರ್ವವೃತ್ತಾಂತವನ್ನು ವಿವರಿಸಿದನೆಂದು ಹೇಳಿ ಅದನ್ನು ಆರಂಭಿಸುವಷ್ಟರಲ್ಲಿ ಗಾಡಿ ಬರುತ್ತದೆ. ಹೇಳುವವನು ಬೇರೆ ದರ್ಜೆಯ ಡಬ್ಬಿಯನ್ನೇರಿ ಹೊರಟುಹೋಗುತ್ತಾನೆ. ಕೇಳಿದವರಲ್ಲಿ ಒಬ್ಬನಿಗೆ ಅದು ಕಟ್ಟುಕಥೆ, ಇನ್ನೊಬ್ಬನಿಗೆ ಸತ್ಯ. ತರುಣಿ ಯಾರೆಂದು ಓದುಗನಿಗೆ ಎಂದಿಗೂ ತಿಳಿಯುವುದಿಲ್ಲ. ಭಯವು ನೆಲೆಗೊಂಡಿರುವುದು ಈ ತಿಳಿಯದಿರುವಿಕೆಯಲ್ಲಿಯೇ.

ಬೆಳ್ಳಿತೆರೆಗೆ ಇದೇ ತೊಡಕು. ಲೇಖನಿಯು ಒಂದು ನಿಟ್ಟುಸಿರನ್ನು ಕೇಳಿಸಿ ಸುಮ್ಮನಾಗಬಹುದು. ಕ್ಯಾಮರಾ ಏನನ್ನಾದರೂ ತೋರಿಸಲೇಬೇಕು. 1898ರಲ್ಲಿ ಹೆನ್ರಿ ಜೇಮ್ಸ್ ಬರೆದ ಪ್ರೇತಕಥೆಯನ್ನು ಜ್ಯಾಕ್ ಕ್ಲೇಟನ್ನರು 1961ರಲ್ಲಿ ತೆರೆಗೆ ತಂದಾಗಲೂ, ಪ್ರೇತವು ಹೊರಗಿದೆಯೋ ದಾದಿಯ ಮನಸ್ಸಿನಲ್ಲಿದೆಯೋ ಎಂಬ ಸಂದೇಹವನ್ನು ಕಾಯುವುದೇ ಅವರ ಮುಖ್ಯ ಕೆಲಸವಾಯಿತು. ಅದಕ್ಕೆ ಒಂದು ವರ್ಷ ಮೊದಲು, 1960ರಲ್ಲಿ, ತಪನ್ ಸಿನ್ಹಾರು ‘ಕ್ಷುಧಿತ ಪಾಷಾಣ’ವನ್ನು ಬಂಗಾಳಿಯಲ್ಲಿ ಚಲಚ್ಚಿತ್ರವಾಗಿಸಿದರು. ಸೌಮಿತ್ರ ಚಟರ್ಜಿ ಸುಂಕಾಧಿಕಾರಿಯಾದರು. ಅರುಂಧತೀ ದೇವಿ ಆ ತರುಣಿಯಾದರು. ಉಸ್ತಾದ್ ಅಲಿ ಅಕ್ಬರ್ ಖಾನರು ಸಂಗೀತವನ್ನೊದಗಿಸಿದರು. ಕಥೆಯಲ್ಲಿ ಸುಳಿದು ಮಾಯವಾಗುವವಳಿಗೆ ಚಿತ್ರದಲ್ಲಿ ಮುಖ ಬಂದಿತು. ಮುಖ ಬಂದೊಡನೆ ಅವಳು ಯಾರೆಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯೂ ಬಂದಿತು.

ಮೂವತ್ತೊಂದು ವರ್ಷಗಳ ತರುವಾಯ, 1991ರಲ್ಲಿ, ಗುಲ್ಜಾರರ ಹಿಂದೀ ಚಿತ್ರ ‘ಲೇಕಿನ್’ ಇದೇ ಕಥೆಯನ್ನು ಆಧರಿಸಿ ಬಂದಿತು. ಅದರಲ್ಲಿ ನಿಜಾಮರ ನಾಡು ಮರೆಯಾಗಿ ರಾಜಸ್ಥಾನದ ಮರಳುಗಾಡು ಬಂದಿತು. ಸುಂಕಾಧಿಕಾರಿಯು ಹಳೆಯ ಅರಸನ ಹವೇಲಿಯ ವಸ್ತುಗಳ ಪಟ್ಟಿ ಮಾಡಲು ಬಂದ ಸರಕಾರಿ ನೌಕರನಾದನು. ಮೂಲ ಕಥೆಯಲ್ಲಿ ಯಾರಿಗೂ ಬಿಡುಗಡೆಯಿಲ್ಲ. ಇಲ್ಲಿ ರೇವಾ ಎಂಬ ಆತ್ಮವನ್ನು ಆಚೆಯ ದಡಕ್ಕೆ ಮುಟ್ಟಿಸುವುದೇ ನಾಯಕನ ಕರ್ತವ್ಯ. ಹೃದಯನಾಥ ಮಂಗೇಶ್ಕರರ ಸಂಗೀತಕ್ಕೂ ಲತಾ ಮಂಗೇಶ್ಕರರ ಗಾಯನಕ್ಕೂ ರಾಷ್ಟ್ರಪ್ರಶಸ್ತಿ ಸಂದ ಈ ಚಿತ್ರ ಸುಂದರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ರೇವಾ ಆ ಮರಳಿನದೇ ಮಗಳು. ಪ್ರೇತವು ಸ್ವದೇಶಿಯಾದ ಕೂಡಲೇ ಭಯ ಕಡಮೆಯಾಗಿ ಕರುಣೆ ಹೆಚ್ಚಿತು.

ರವೀಂದ್ರರ ಕಥೆಯನ್ನು ಮುಟ್ಟದೆಯೇ ಅದರ ಮರ್ಮವನ್ನು ಕಾಪಾಡಿದುದು ಬೇರೊಂದು ಚಿತ್ರಪರಂಪರೆ. 1993ರಲ್ಲಿ ಫಾಝಿಲರು ನಿರ್ದೇಶಿಸಿದ ಮಲಯಾಳ ಚಿತ್ರ ‘ಮಣಿಚಿತ್ರತ್ತಾಳ್’ನಲ್ಲಿ ಕೇರಳದ ಹಳೆಯ ಮನೆಯನ್ನು ಕಾಡುವ ನಾಗವಲ್ಲಿ ತಂಜಾವೂರಿನ ನರ್ತಕಿ, ಅವಳಾಡುವುದು ತಮಿಳು. ಅದೇ ಕಥೆಯನ್ನು ಪಿ. ವಾಸು 2004ರಲ್ಲಿ ‘ಆಪ್ತಮಿತ್ರ’ವೆಂದು ಕನ್ನಡಕ್ಕೆ ತಂದಾಗ ನಾಗವಲ್ಲಿ ತೆಲುಗಿನವಳಾದಳು. 2005ರ ತಮಿಳು ‘ಚಂದ್ರಮುಖಿ’ಯಲ್ಲಿಯೂ ಅವಳು ತೆಲುಗಿನವಳೇ. ಅದೇ ಚಿತ್ರ ತೆಲುಗಿಗೆ ಡಬ್ ಆದಾಗ ಪ್ರೇತದ ಹಾಡು ತಮಿಳಿಗೆ ತಿರುಗಿತು. 2007ರ ಹಿಂದೀ ‘ಭೂಲ್ ಭುಲಯ್ಯಾ’ದಲ್ಲಿ ಅವಳು ಬಂಗಾಳದವಳು. ಮನೆಯ ಭಾಷೆ ಬದಲಾದಂತೆ ಪ್ರೇತದ ಭಾಷೆಯೂ ಬದಲಾಯಿತು. ಆದರೆ ಎಲ್ಲಿಯೂ ಅವಳು ಮನೆಯವರ ಮಾತನ್ನಾಡಲಿಲ್ಲ. ಅವಳು ಎಲ್ಲ ಕಡೆಯೂ ಬೇರೆ ನಾಡಿನಿಂದ ತರಲ್ಪಟ್ಟವಳು, ಒಡೆಯನ ಮನೆಯಲ್ಲಿ ಅನ್ಯಾಯಕ್ಕೀಡಾದವಳು. ಅವಳಿಗೆ ಒಲಿಯುವ ಗಂಗೆಯೂ ಆ ಮನೆಗೆ ಹೊಸದಾಗಿ ಬಂದ ಸೊಸೆಯೇ ಹೊರತು ಅಲ್ಲಿ ಹುಟ್ಟಿದವಳಲ್ಲ. ಈ ಚಿತ್ರಗಳು ಕೊನೆಗೆ ಅದನ್ನು ಮನೋವ್ಯಾಧಿಯೆಂದು ವಿವರಿಸಿ ಕಥೆಯನ್ನು ಮುಗಿಸಿಬಿಡುತ್ತವೆ, ನಿಜ. ಆದರೂ ಗಂಗೆಯ ಬಾಯಲ್ಲಿ ಅವಳದಲ್ಲದ ಭಾಷೆ ಮೂಡುವ ಆ ಕ್ಷಣದಲ್ಲಿ ನೋಡುವವನಿಗಾಗುವ ನಡುಕವನ್ನು ಯಾವ ವಿವರಣೆಯೂ ಅಳಿಸಲಾರದು.

ಕನ್ನಡದ ಮಟ್ಟಿಗೆ ಇದಕ್ಕೆ ಇನ್ನೊಂದು ನೋವಿನ ಎಳೆ ಕೂಡಿಕೊಂಡಿತು. ಗಂಗೆಯ ಪಾತ್ರ ವಹಿಸಿದ ಸೌಂದರ್ಯ ಕೋಲಾರ ಸೀಮೆಯ ಕನ್ನಡತಿ. ಅವರನ್ನು ಮನೆಮಗಳೆಂದು ಬಗೆದು ಮೆರೆಸಿದುದು ತೆಲುಗು ಚಿತ್ರರಂಗ. 2004ರ ಏಪ್ರಿಲ್ 17ರಂದು, ಚುನಾವಣೆಯ ಪ್ರಚಾರಕ್ಕಾಗಿ ಕರೀಂನಗರಕ್ಕೆ ಹೊರಟ ಅವರ ವಿಮಾನವು ಬೆಂಗಳೂರಿನ ಬಳಿ ಬಿದ್ದು ಅವರು ತೀರಿಕೊಂಡರು. ಚಿತ್ರವು ಆಗಸ್ಟಿನಲ್ಲಿ ಬಿಡುಗಡೆಯಾದಾಗ, ಇಲ್ಲದವರ ರೂಪವೂ ಅವರು ಪರಭಾಷೆಯಲ್ಲಿ ನುಡಿಯುವ ಆ ದೃಶ್ಯವೂ ತೆರೆಯ ಮೇಲೆ ಉಳಿದಿದ್ದವು.

1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನದ ನೆಲವು ಮೂರು ರಾಜ್ಯಗಳಲ್ಲಿ ಹಂಚಿಹೋಗಿ, ಬೀದರ, ಗುಲ್ಬರ್ಗಾ, ರಾಯಚೂರುಗಳು ಮೈಸೂರನ್ನು ಸೇರಿದವು. ಹತ್ತಿ ಬೆಳೆಯುವ ಕಪ್ಪುಮಣ್ಣಿನಿಂದ ಈ ನಗರಕ್ಕೆ ಉದ್ಯೋಗಕ್ಕಾಗಿ ಬಂದು ನೆಲಸಿದ್ದ ಕನ್ನಡಿಗರು ಅಂದಿನಿಂದ ತಮ್ಮ ಹಳೆಯ ರಾಜಧಾನಿಯಲ್ಲಿಯೇ ಹೊರನಾಡಿಗರಾದರು. ರವೀಂದ್ರರ ಸುಂಕಾಧಿಕಾರಿಯ ಪಾಡು ಇವರಿಗೆ ಅಪರಿಚಿತವೇನಲ್ಲ: ಹಗಲಿಗೆ ಒಂದು ಭಾಷೆ, ಇರುಳಿಗೆ ಮತ್ತೊಂದು.

ಚಲಚ್ಚಿತ್ರವು ಪ್ರೇತಕಥೆಯನ್ನು ರೂಪಾಂತರಿಸುವಾಗ ಅರಮನೆಯನ್ನು ಬದಲಿಸಬಹುದು, ನದಿಯನ್ನು ಮರಳಾಗಿಸಬಹುದು, ಕೊನೆಯನ್ನು ಕೂಡ ಬೇರೆಯಾಗಿಸಬಹುದು. ಬದಲಿಸಬಾರದುದು ಒಂದೇ: ಕೇಳುವವನಿಗೂ ಕೂಗುವವಳಿಗೂ ನಡುವಿನ ಭಾಷೆಯ ಅಂತರ. ಬರೀಚಿನ ತರುಣಿ ನೂರಾರು ವರ್ಷ ಮೊರೆಯಿಟ್ಟುದು ತನ್ನನ್ನು ಬಿಡಿಸೆಂದು ಮಾತ್ರವಲ್ಲ, ತನ್ನ ಮಾತನ್ನು ತಿಳಿಯಬಲ್ಲ ಒಬ್ಬನಾದರೂ ಬರಲೆಂದು. ಆಡುವವರಿದ್ದು ಕೇಳುವವರಿಲ್ಲದ ಭಾಷೆಗೆ ಕಲ್ಲುಗಳೇ ಗತಿ. ಪರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ಮನೆಗಳಿಗೆ ಈ ಹಳೆಯ ಕಥೆ ಹೇಳುವುದು ಇದನ್ನೇ.